‘ಸರಿ ಹೋಗ್ತದೆ ಬುಡು’ ಎನ್ನುವ ಸೀಮೆಯಲ್ಲಿ

ಗದಗಿನ ಕಡೆಯಿಂದ ತುರುವೇಕೆರೆ ತಾಲ್ಲೂಕಿನ ಈ ಮನೆಗೆ ನಾನು ಕಾಲಿಟ್ಟ ದಿನ, ಎಲ್ಲರೂ ಹೊಸ ಸೊಸೆಯ ಮುಖ ನೋಡಲು ಮುಗಿಬಿದ್ದರು. ನನ್ನ ಗಂಡನ ಅಣ್ಣ ರೇಣುಕಪ್ಪ ಒಬ್ಬರು ಮಾತ್ರ ನನ್ನ ಬಳೆಗಳ ಸದ್ದು ಕೇಳಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ತೋಟದ ಕಡೆ ನಡೆದುಬಿಟ್ಟರು. ಬಂದ ಗಳಿಗೆಯಲ್ಲೇ ಏನು ತಪ್ಪು ಮಾಡಿದೆ ಅಂದುಕೊಂಡೆ. ಅತ್ತೆ ನಕ್ಕು, “ಅವನು ಹಂಗೇ ಕಣವ್ವ. ನೀನು ಒಳಕ್ ಬಾ” ಅಂದರು. ಉಳಿದವರೂ ನಕ್ಕರು. ಒಬ್ಬ ಗಂಡಸು ಕಿವಿ ಮುಚ್ಚಿಕೊಂಡು ಓಡಿದರೆ ಇವರಿಗೆ ನಗು ಹೇಗೆ ಬರುತ್ತದೆ ಎಂದು ಅವತ್ತು ತಿಳಿಯಲಿಲ್ಲ.

ನಮ್ಮ ಮನೆಯವರು ಬಸ್ ಕಂಡಕ್ಟರ್. ಗದಗಿನಲ್ಲಿ ಕೆಲಸದಲ್ಲಿದ್ದಾಗ ನಮ್ಮ ಮದುವೆಯಾಯಿತು, ಆಮೇಲೆ ವರ್ಗ ಮಾಡಿಸಿಕೊಂಡು ತಮ್ಮೂರಿಗೆ ಬಂದರು, ಹಿಂದೆ ನಾನು. ನಮ್ಮ ಕಡೆ ಎರೆ ಹೊಲದಲ್ಲಿ ನಿಂತರೆ ಮುಂದಿನ ಊರಿನ ಗುಡಿ ಕಾಣುತ್ತದೆ. ಇಲ್ಲಿ ನಿಂತರೆ ತೆಂಗು, ಅದರ ಹಿಂದೆ ಇನ್ನೊಂದು ತೆಂಗು. ರೊಟ್ಟಿ ಬಡಿಯುವ ಕೈಗೆ ಮುದ್ದೆ ಕಟ್ಟುವುದು ಬರಲಿಲ್ಲ. ಕಟ್ಟಿದ್ದೆಲ್ಲ ಗಂಟು. ಅದನ್ನೂ ಕಲಿತೆ. ನಮ್ಮಲ್ಲಿ ಅಟ್ಟದ ಮೇಲೆ ಹಳೆಯ ಸಾಮಾನು ಇಡುತ್ತೇವೆ, ಇವರ ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ಹೆಚ್ಚುಕಡಿಮೆ ಒಂದು ವರ್ಷ ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ತಾನೇ ಬತ್ತಿ, ಅಲ್ಲಾಡಿಸಿದರೆ ಲೊಡಲೊಡ ಅನ್ನುವಾಗ ಇಳಿಸುತ್ತಾರೆ. ಆಗ ಸಿಗುವುದೇ ಉಂಡೆ ಕೊಬ್ಬರಿ. ಅವಸರ ಮಾಡಿದವನ ಕೊಬ್ಬರಿ ಕೆಟ್ಟಿತು ಅಂತಲೇ ಲೆಕ್ಕ. ಕೊಬ್ಬರಿಗೆ ಇದು ಸರಿ. ಆದರೆ ಇವರು ಮಕ್ಕಳನ್ನೂ ಹಾಗೆಯೇ ಅಟ್ಟಕ್ಕೆ ಹಾಕಿ ಕಾಯುತ್ತಾರೆ. ನನ್ನ ಸಿಟ್ಟು ಅಲ್ಲಿಂದ ಶುರು.

ಮಗಳು ದೀಕ್ಷಾಗೆ ಮೂರು ತುಂಬಿತ್ತು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ, ಆದರೆ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. “ಊಟ ಮಾಡ್ತೀಯಾ?” ಅಂದರೆ “ಊಟ ಮಾಡ್ತೀಯಾ” ಎಂದು ಅದೇ ರಾಗದಲ್ಲಿ ನಮಗೇ ಹೇಳುತ್ತಿದ್ದಳು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ನನ್ನ ಕೈಯನ್ನು ಸೌಟಿನ ಹಾಗೆ ಹಿಡಿದು ಅದರ ಮೇಲೆ ಇಡುತ್ತಿದ್ದಳು. ಬಿಳಿ ಅನ್ನ, ಕೊಬ್ಬರಿ ಚೂರು ಬಿಟ್ಟು ಬೇರೇನನ್ನೂ ಬಾಯಿಗೆ ಇಡುತ್ತಿರಲಿಲ್ಲ.

ಊರವರ ತೀರ್ಪು ಏನು ಗೊತ್ತೇ? “ನೀನು ನಿಮ್ ಕಡೆ ಮಾತಾಡ್ತೀಯ, ನಾವು ನಮ್ ಕಡೆ ಮಾತಾಡ್ತೀವಿ, ಮಗು ಯಾವ್ದು ಕಲೀಬೇಕು? ಸರಿ ಹೋಗ್ತದೆ ಬುಡು.” ಊಟ ಮಾಡದಿದ್ದರೆ ನನ್ನ ಗಂಟು ಮುದ್ದೆಯ ತಪ್ಪು. ಫೋನಿನಲ್ಲಿ ನನ್ನ ಅವ್ವ ಇನ್ನೊಂದು ಹೆಜ್ಜೆ ಮುಂದೆ. “ಆ ಊರಿನ ನೀರ ಸರಿ ಇಲ್ಲ. ಇಲ್ಲೆ ಕರ್ಕೊಂಡ ಬಾ, ಒಂದ ತಿಂಗಳದಾಗ ಪಟಪಟ ಮಾತಾಡ್ತಾಳ.” ಇಲ್ಲಿಯವರಿಗೆ ನಾನು ಕಾರಣ, ಅಲ್ಲಿಯವರಿಗೆ ಈ ಊರು ಕಾರಣ. ಮಗುವನ್ನು ಮಾತ್ರ ಯಾರೂ ನೋಡಲಿಲ್ಲ. ಪೇಟೆಯ ಡಾಕ್ಟರೂ ಅವಳನ್ನು ಮುಟ್ಟಿ ಕೂಡ ನೋಡದೆ, “ಹೆಣ್ಣುಮಗು, ನಾಚಿಕೆ. ಮೊಬೈಲ್ ಕೊಡಬೇಡಿ” ಎಂದು ಟಾನಿಕ್ ಬರೆದರು. ನನ್ನ ಮಗಳಿಗೆ ಮೊಬೈಲಿನ ಸದ್ದೇ ಆಗದು. ಅಂಗನವಾಡಿಯಲ್ಲಂತೂ ಹೊಗಳಿಕೆಯೇ. “ಕೂರಿಸಿದ ಕಡೆ ಕೂತಿರ್ತಾಳೆ ಕಣ್ರೀ, ಬಲೇ ಒಳ್ಳೆ ಮಗು.” ಗಂಡುಮಗು ಹೀಗೆ ಕೂತಿದ್ದರೆ ಎರಡೇ ದಿನಕ್ಕೆ ಗಾಬರಿಯಾಗುತ್ತಿದ್ದರು. ಹೆಣ್ಣು ಸುಮ್ಮನಿದ್ದರೆ ಅದು ಗುಣ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ತೋರಿಸೋಣ ಅಂದೆ. ಮನೆಯಲ್ಲಿ ರಂಪವಾಯಿತು.

“ರೇಣನೂ ಹಂಗೇ ಇದ್ದ. ದೊಡ್ಡೋನಾದ್ ಮೇಲೆ ಸರಿ ಹೋಗ್ಲಿಲ್ವಾ?” ಅಂದರು ಅತ್ತೆ.

ನಮ್ಮ ಮನೆಯವರು ತಲೆ ತಗ್ಗಿಸಿಕೊಂಡೇ, “ಒಂದ್ಸಲ ಅಂಥ ಹೆಸ್ರು ಅಂಟ್ಕಂಡ್ರೆ ಹೆಣ್ಮಗೀಗೆ ಬುಡಾಕಿಲ್ಲ ಕಣೇ. ನಾಳೆ ಮದ್ವೆ ಅಂತ ಬಂದಾಗ ಏನ್ ಹೇಳದು?” ಅಂದರು.

ಸಿಟ್ಟು ಬಂದರೆ ನನ್ನ ಬಾಯಲ್ಲಿ ತವರಿನ ಮಾತೇ ಬರುವುದು. “ಮದವಿ ಆಮೇಲ ನೋಡೂಣು. ಮೊದ್ಲ ಆಕಿ ನೀರಡಿಕಿ ಆದ್ರ ನೀರ ಅಂತ ಕೇಳೂಹಂಗ ಆಗ್ಲಿ.”

ಅದೇ ವಾರ ಅಟ್ಟದಿಂದ ಕಾಯಿ ಇಳಿಸಿದರು. ಮನೆಯೆಲ್ಲ ದಡದಡ. ದೀಕ್ಷಾ ಕಾಣಲಿಲ್ಲ. ಹುಡುಕುತ್ತ ಕೊಟ್ಟಿಗೆಯ ಹಿಂದೆ ಹೋದರೆ, ಗೋಡೆಯ ಬದಿಗೆ ಭಾವ ಕೂತಿದ್ದಾರೆ. ಒಂದು ಮಾರು ದೂರದಲ್ಲಿ ನನ್ನ ಮಗಳು. ಇಬ್ಬರೂ ಕಿವಿ ಮುಚ್ಚಿಕೊಂಡಿದ್ದರು, ಇಬ್ಬರೂ ಮುಂದಕ್ಕೆ ಹಿಂದಕ್ಕೆ ತೂಗುತ್ತಿದ್ದರು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಸರಿಹೋದವರು ಎಂದು ಮನೆಮಂದಿಯೆಲ್ಲ ಉದಾಹರಣೆ ಕೊಡುವ ಮನುಷ್ಯ ಇವರು. ನಲವತ್ತು ದಾಟಿದೆ. ಮದುವೆಯಿಲ್ಲ, ಶಾಲೆಯಿಲ್ಲ, ಎಲ್ಲರದೂ ಊಟವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಒಬ್ಬರೇ ಉಣ್ಣುತ್ತಾರೆ. ನೀವು ಬಂದರೆ ಬನ್ನಿ, ಇಲ್ಲದಿದ್ದರೆ ನಾನೇ ಹೋಗುತ್ತೇನೆ ಎಂದು ಗಂಡನಿಗೆ ಹೇಳಿದೆ.

ಮಗುವಿಗೆ ಏನೂ ಇಲ್ಲ ಎಂದು ಸಾಬೀತು ಮಾಡಲೆಂದೇ ಅತ್ತೆಯೂ ಬೆಂಗಳೂರಿಗೆ ಹೊರಟರು. ಡಾಕ್ಟರಮ್ಮ ದೀಕ್ಷಾಳ ಜೊತೆ ನೆಲದ ಮೇಲೆ ಕೂತು ಆಡಿಸಿದರು, ಆಮೇಲೆ ಒಂದೊಂದೇ ಕೇಳಿದರು. ಹೆಸರು ಕರೆದರೆ ತಿರುಗುತ್ತಾಳಾ? ಹೇಳಿದ್ದನ್ನೇ ಹೇಳುತ್ತಾಳಾ? ದಿನದ ಕ್ರಮ ತಪ್ಪಿದರೆ ಗಲಾಟೆ ಮಾಡುತ್ತಾಳಾ? ಪ್ರತಿಯೊಂದಕ್ಕೂ ನನಗಿಂತ ಮೊದಲು ಅತ್ತೆಯೇ, “ನಮ್ ರೇಣನೂ ಹಂಗೇ ಕಣವ್ವ” ಅನ್ನುತ್ತಿದ್ದರು. ಕೊನೆಗೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, “ಅಜ್ಜಿ, ರೇಣ ಅಂದರೆ ಯಾರು? ಅವರನ್ನೂ ಒಂದು ಸಲ ಕರೆದುಕೊಂಡು ಬರ್ತೀರಾ?” ಎಂದು ಕೇಳಿದರು. ದೀಕ್ಷಾಗೆ ಇರುವುದು ಆಟಿಸಂ, ಅದು ರೋಗವಲ್ಲ, ಅವಳ ಮೆದುಳು ಲೋಕವನ್ನು ತೆಗೆದುಕೊಳ್ಳುವ ರೀತಿಯೇ ಬೇರೆ, ಕಲಿಸುವ ರೀತಿಯೂ ಬೇರೆಯಾಗಬೇಕು ಅಂದರು. ಅದು ಬಂದದ್ದು ಎರಡು ಬಗೆಯ ಕನ್ನಡದಿಂದಲೂ ಅಲ್ಲ, ಮುದ್ದೆಯಿಂದಲೂ ಅಲ್ಲ.

ಭಾವನನ್ನು ನಾನೇ ನೇರವಾಗಿ ಕೇಳಿದೆ. “ಪುಟ್ಟಿಗೆ ಆಗೋದು ನಿಮಗೂ ಆಗುತ್ತಂತೆ. ಡಾಕ್ಟರ ಹತ್ತಿರ ಬರ್ತೀರಾ ಭಾವ?”

ಅವರು, “ಬಸ್ನಲ್ಲಿ ಕಿಟಕಿ ಸೀಟು ಸಿಗ್ತದಾ?” ಅಂದರು. ಕೊಡಿಸಿದೆವು.

ಡಾಕ್ಟರಮ್ಮನ ಕೋಣೆಯಲ್ಲಿ ಅತ್ತೆ ಎಲ್ಲವನ್ನೂ ಹೇಳಿದರು. ಚಿಕ್ಕವನಿದ್ದ ರೇಣನಿಗೆ ಮಾತು ಬರಲೆಂದು ಹೊಟ್ಟೆಯ ಮೇಲೆ ಬರೆ ಹಾಕಿಸಿದ್ದು, ಆಗ ತಾವೇ ಕಾಲು ಹಿಡಿದುಕೊಂಡಿದ್ದು. ಮೇಷ್ಟ್ರು ಹೊಡೆದು ಹೊಡೆದು ಸಾಕಾಗಿ, ಇನ್ನು ಕಳಿಸಬೇಡಿ ಅಂದದ್ದು. ಸೆರಗಿನಿಂದ ಮೂಗು ಒರೆಸಿಕೊಂಡು, “ಆಮೇಲಾಮೇಲೆ ತಾನೇ ಸರಿ ಹೋದ ಕಣವ್ವ” ಅಂದರು.

ಫ್ಯಾನಿನ ಕಡೆಗೇ ನೋಡುತ್ತಿದ್ದ ಭಾವ, “ಸರಿ ಹೋಗ್ನಿಲ್ಲ. ಸುಮ್ನಾದೆ” ಅಂದರು.

ನಮ್ಮ ಮನೆಯವರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತರು. ನನಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು. ಆ ಮೇಷ್ಟ್ರ ಮೇಲೆ, ಬರೆ ಹಾಕಿದವನ ಮೇಲೆ, ನಕ್ಕವರ ಮೇಲೆ. ಡಾಕ್ಟರಮ್ಮ ಭಾವನಿಗೂ ಆಟಿಸಂ ಎಂಬ ಅದೇ ಹೆಸರು ಕೊಟ್ಟರು. ಈ ವಯಸ್ಸಿಗೆ ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಊರವರು ಈಗಲೂ ಕೇಳುತ್ತಾರೆ. ಏನು ಮಾಡುತ್ತೇವೆಂದರೆ, ಕಾಯಿ ಇಳಿಸುವ ದಿನವನ್ನು ಹಿಂದಿನ ದಿನವೇ ಅವರಿಗೆ ಹೇಳುತ್ತೇವೆ. ಅವರ ತಟ್ಟೆಯನ್ನು ಒಳಗೆ, ಅವರು ತೋರಿಸಿದ ಮೂಲೆಯಲ್ಲಿ ಇಡುತ್ತೇವೆ. ಇಷ್ಟು ಮಾಡಲು ಒಂದು ಮನೆಗೆ ನಲವತ್ತು ವರ್ಷ ಬೇಕಾಯಿತು.

ದೀಕ್ಷಾಳನ್ನು ವಾರಕ್ಕೊಮ್ಮೆ ತುಮಕೂರಿಗೆ ಕರೆದೊಯ್ದು, ಇಂಥ ಮಕ್ಕಳಿಗೆ ಹೇಳಿಕೊಡುವವರಿಂದ ಕಲಿಸುತ್ತಿದ್ದೇವೆ. ಒಂದು ಮಧ್ಯಾಹ್ನ ನನ್ನ ಕೈ ಹಿಡಿಯದೆ, ಕೊಡದ ಎದುರು ನಿಂತು “ನೀರು” ಅಂದಳು. ಲೋಟ ತುಂಬುವ ಗಡಿಬಿಡಿಯಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲಿದೆ.

ಹೋದ ಬೇಸಿಗೆಯಲ್ಲಿ ಅವ್ವನ ಒತ್ತಾಯಕ್ಕೆ ತವರಿಗೆ ಹೋದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ನನ್ನ ಮಾತನ್ನು ನನ್ನ ಹಾಗೆಯೇ ಆಡುವ ಜನ. ಇನ್ನೇನು ಬೇಕು ಅನ್ನಿಸಿತು. ಎರಡನೆಯ ದಿನವೇ ನೆರೆಯವಳು ದೀಕ್ಷಾಳ ಗದ್ದ ಹಿಡಿದು ಎತ್ತಿ, “ಕಣ್ಣಾಗ ಕಣ್ಣಿಟ್ಟ ನೋಡೂದಿಲ್ಲಲ್ಲ ಇಕಿ. ಒಂದೆರಡ ಕೊಟ್ರ ನೋಡ್ತಾಳ” ಅಂದಳು. ಅವ್ವ ಅವಳನ್ನು ತಡೆಯಲಿಲ್ಲ. ಹುಟ್ಟಿದ ಊರೂ ಆ ಮೇಷ್ಟ್ರ ಮಾತನ್ನೇ ಆಡುತ್ತದೆ ಎಂದು ಗೊತ್ತಾಯಿತು. ಅವ್ವನ ಜೊತೆ ಜಗಳವಾಡಿ, ಚೀಲ ತುಂಬಿ, ಬಸ್ಸು ಹತ್ತಿದೆ.

ನಮ್ಮೂರಿಗೆ ಹತ್ತಿರದ ಕಿಬ್ಬನಹಳ್ಳಿಯಲ್ಲಿ ಇಳಿದಾಗ ಭಾವ ಬಂದಿದ್ದರು. ಜನರಿಂದ ದೂರ, ಮುಚ್ಚಿದ ಅಂಗಡಿಯ ಪಕ್ಕ ನಿಂತಿದ್ದರು. ನಮ್ಮ ಕಡೆ ನೋಡಲಿಲ್ಲ, ಹೇಗಿದ್ದೀರಿ ಅನ್ನಲಿಲ್ಲ. ದೀಕ್ಷಾ ನನ್ನ ಕೈ ಬಿಡಿಸಿಕೊಂಡು ಹೋಗಿ ಅವರ ಪಕ್ಕದಲ್ಲಿ, ಒಂದು ಮಾರು ಬಿಟ್ಟು ನಿಂತಳು. ಇಬ್ಬರೂ ರಸ್ತೆಯಾಚೆಗಿನ ಏನನ್ನೋ ನೋಡುತ್ತ ನಿಂತರು. ಚೀಲ ಹಿಡಿದು ನಾನು ಹಿಂದೆ ನಿಂತೆ. ಅವಳು ತನ್ನ ಊರಿಗೆ ಬಂದಿದ್ದಳು. ನನಗೆ ಮಾತ್ರ ಈ ಊರಿನ ಮೇಲೂ ಸಿಟ್ಟು, ಬಿಟ್ಟುಬಂದ ಊರಿನ ಮೇಲೂ ಸಿಟ್ಟು.