ಕಳಕಮ್ಮ ಹೇಳದೆ ಇಟ್ಟುಕೊಂಡ ಮಾತು

ಕುಷ್ಟಗಿಯ ಕಳಕಮ್ಮ ರವಿಕೆ ಹೊಲಿದು ಮನೆ ನಡೆಸುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮ ಉಮಾಪತಿಯನ್ನು ಮುಂದೆ ಮಾಡಿ ತಳ್ಳಿಹಾಕಿದ್ದಳು. ಮೂವತ್ತರ ಆ ಗಂಡಸು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೈ ಮುಟ್ಟಿದರೆ ಕಿರುಚುತ್ತಿದ್ದ. ಊರು ಹುಚ್ಚ ಎನ್ನುತ್ತಿತ್ತು. ಅಕ್ಕನೊಬ್ಬಳಿಗೇ ಅವನು ಒಲಿದವನು ಎಂಬುದು ಅವಳ ಬದುಕಿನ ಬಿಂಕ.

ದಿನವೂ ಅವನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಸ್ಸಿನ ಗಾಲಿ ತಿರುಗುವುದನ್ನು ನೋಡುವನು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಗೆಯಲ್ಲಿ, ಹೊಸದಾಗಿ ವರ್ಗವಾಗಿ ಬಂದ ಪೊಲೀಸ್ ತಿಮ್ಮಣ್ಣ "ಯಾರಲೇ ನೀನು?" ಎಂದು ಕೇಳಿದ. ಕೇಳಿದ ಮಾತನ್ನೇ ತಿರುಗಿ ಹೇಳುವುದು ಉಮಾಪತಿಯ ರೂಢಿ. "ಯಾರಲೇ ನೀನು?" ಎಂದ. ಅಣಕವೆಂದುಕೊಂಡ ತಿಮ್ಮಣ್ಣ ಲಾಠಿಯಿಂದ ಬಾರಿಸಿ ರಟ್ಟೆ ಹಿಡಿದ. ಕೊಸರಿಕೊಂಡು ಓಡಿದ ಉಮಾಪತಿ ಬಸ್ಸಿನಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು.

ಇನ್ನೊಮ್ಮೆ ಹೀಗಾದರೆ ತಮ್ಮ ಉಳಿಯುವುದಿಲ್ಲವೆಂದು ಕಳಕಮ್ಮ ಮರುದಿನವೇ ಠಾಣೆಗೆ ಹೋದಳು.

"ಅವನ್ನ ಕೇಳಬ್ಯಾಡ್ರಿ, ಹೇಳ್ರಿ," ಎಂದಳು. ಲಾಠಿ ಕಾಣಬಾರದು, ಮುಟ್ಟಬಾರದು, ದನಿ ಏರಿಸಬಾರದು. ಬದಿಗೆ ಕೂತು, ಮುಂದೇನೆಂದು ತಿಳಿಸಿ, ಅವನಾಗಿ ಏಳುವವರೆಗೆ ಕಾಯಬೇಕು. ತಿಮ್ಮಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ.

ಬೇಕಾದ್ದಕ್ಕಿಂತ ಚೆನ್ನಾಗಿಯೇ ಕಲಿತ. ಮಳೆಗಾಲ ಮುಗಿಯುವುದರೊಳಗೆ, ಸಂಜೆ "ಮನಿಗೆ ಹೋಗೂಣು" ಎಂದರೆ ಉಮಾಪತಿ ಎದ್ದು ಅವನ ಹಿಂದೆ ಬರುತ್ತಿದ್ದ.

"ಕಳಕಮ್ಮಾ, ನಿನ್ನ ತಮ್ಮಗ ಖಾಕಿ ಅಕ್ಕ ಸಿಕ್ಕಾಳ ನೋಡು," ಎಂದಳು ಪಕ್ಕದ ಮನೆಯ ರಜಿಯಾಬೇಗಂ.

ಕಳಕಮ್ಮನೂ ನಕ್ಕಳು. ಒಳಗೆ ಬಂದು, ಸರಿಯಾಗಿಯೇ ಹೊಲಿದಿದ್ದ ರವಿಕೆಯ ತೋಳನ್ನು ಬಿಚ್ಚಿ ಮತ್ತೆ ಹೊಲಿದಳು. ತಿಮ್ಮಣ್ಣನ ಬೂಟಿನ ಸಪ್ಪಳಕ್ಕೆ, ತಾನೇ ಕಲಿಸಿದ ಆ ಮೆಲುದನಿಗೆ ಅವಳ ಹೊಟ್ಟೆ ಉರಿಯುತ್ತಿತ್ತು. ಉಮಾಪತಿ ತನ್ನ ಹಸಿವನ್ನು ಹೇಳುವ ಬಗೆಯೊಂದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಅಷ್ಟಾದರೂ ತನ್ನದಿರಲಿ.

ಒಂದು ಮಧ್ಯಾಹ್ನ ಉಮಾಪತಿ ಉಣ್ಣದೆ ಹೋಗಿದ್ದ. ಯಾರೋ ಓಡಿಬಂದು ಕಳಕಮ್ಮನನ್ನು ಕರೆದರು. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಉಮಾಪತಿ ಹಣೆ ಚಚ್ಚಿಕೊಳ್ಳುತ್ತಿದ್ದ. ಜನರನ್ನು ದೂರ ಸರಿಸಿ, ಅವನನ್ನು ಮುಟ್ಟದೆ, ತಿಮ್ಮಣ್ಣ ಬದಿಗೆ ಕೂತಿದ್ದ.

"ಉಂಡಿಯೇನಪಾ?" ಎನ್ನುತ್ತಿದ್ದ ಉಮಾಪತಿ.

"ಉಂಡೀನೋ ತಮ್ಮಾ," ಎನ್ನುತ್ತಿದ್ದ ತಿಮ್ಮಣ್ಣ. ಅಂದಷ್ಟೂ ಹಣೆ ಜೋರಾಗಿ ಬಡಿಯುತ್ತಿತ್ತು.

ಈ ಪೊಲೀಸನಿಗೆ ತಿಳಿಯಲಿಲ್ಲ ಎಂಬ ಸುಖ ಕಳಕಮ್ಮನ ಎದೆಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ತಮ್ಮನ ಹುಬ್ಬಿನ ಮೇಲಿನ ರಕ್ತ ಕಂಡಿತು.

"ನಿಮ್ಮನ್ನ ಕೇಳಾಕತ್ತಿಲ್ರಿ. ಅವಗ ಹಸಿವಾಗೈತಿ. ನಮ್ಮವ್ವ ತಾಟು ಇಡೂ ಮುಂದ ಹಂಗ ಕೇಳ್ತಿದ್ಲು."

ತಿಮ್ಮಣ್ಣ ಹೋಟೆಲಿನಿಂದ ಚುರುಮರಿ ತಂದು ಪಕ್ಕದಲ್ಲಿಟ್ಟ. ಉಮಾಪತಿ ತಿನ್ನತೊಡಗಿದ, ಅಕ್ಕನ ಕಡೆ ತಿರುಗಲೂ ಇಲ್ಲ.

"ನಿಮಗ ವರ್ಗ ಆದ್ರ?" ಕಳಕಮ್ಮನ ದನಿ ಗಡುಸಾಗಿತ್ತು. "ಠಾಣೆದಾಗ ಉಳಿದವರಿಗೂ ಇದನ್ನ ಹೇಳಿಡ್ರಿ."

ಅಷ್ಟು ಹೇಳಿ, ತಮ್ಮ ತಿಂದು ಮುಗಿಸುವುದನ್ನು ಕಾಯದೆ, ಒಬ್ಬಳೇ ಮನೆಯ ಕಡೆ ನಡೆದಳು. ಸಂಜೆ ಹೇಗೂ ತಿಮ್ಮಣ್ಣ ಕರೆತರುತ್ತಾನೆ.