ಹೊನ್ನವ್ವನ ತೋಳು

ಯುದ್ಧದ ಕಾಲದಲ್ಲಿ ನಾನು ಬಳ್ಳಾರಿಯ ಒಂದು ಮಾಸಪತ್ರಿಕೆಗೆ ಚಿತ್ರಕಥೆ ಬಿಡಿಸುತ್ತಿದ್ದೆ. ಕೋಟೆ ಕಾಯುವ ಐವರು ವೀರರ ಕಥೆ. ಐವರಲ್ಲಿ ಹೊನ್ನವ್ವ ಒಬ್ಬಳೇ ಹೆಂಗಸು. ಅವಳ ತೋಳು ಗಂಡಸರ ತೋಳಿನ ಹಾಗಿದೆ, ಹೆಣ್ಣಿಗೆ ಅದು ಒಪ್ಪುವುದಿಲ್ಲ ಎಂದು ಓದುಗರು ಗದ್ದಲ ಮಾಡಿದರು. ತೆಳ್ಳಗೆ ಮಾಡಿ ಎಂದರು ಸಂಪಾದಕರು. ಮಾಡಿದೆ.

ಆ ಚಿತ್ರ ಹಿಡಿದು ಹೊಸಪೇಟೆಯಲ್ಲಿ ರೈಲು ಹತ್ತಿದೆ. ಮಸಿ ಇನ್ನೂ ಹಸಿಯಾಗಿತ್ತು, ತೊಡೆಯ ಮೇಲೆ ಬಿಚ್ಚಿಟ್ಟುಕೊಂಡೆ. ಹೆಂಗಸರ ಡಬ್ಬಿಯಲ್ಲಿ ಪಕ್ಕಕ್ಕೆ ಕೂತಿದ್ದ ಕಂಪ್ಲಿ ಕಡೆಯ ಹಿರಿಯಾಕೆ ಬಗ್ಗಿ ನೋಡಿದರು.

"ಯಾರವ್ವಾ ಈಕಿ? ಮೈಯಾಗ ಆರಾಮಿಲ್ಲೇನು?"

"ಹೊನ್ನವ್ವ ರೀ," ಎಂದೆ.

"ನಮ್ಮ ಹೊನ್ನವ್ವನಾ? ಹೋದ ತಿಂಗಳು ಕೋಟೆ ಬಾಗಿಲಾ ಎತ್ತಿ ಒಗದಾಕಿ! ಮೊಮ್ಮಗಳು ಓದಿ ಹೇಳ್ತಾಳ, ನಾ ಚಿತ್ರ ನೋಡ್ತೀನಿ. ಈ ಕೈಲೆ ಹೊಳಿಯಿಂದ ಒಂದು ಕೊಡ ನೀರು ತರಾಕಾಗಂಗಿಲ್ಲ."

"ಓದೋರು ಹಂಗ ಬೇಕಂದ್ರು, ಅಮ್ಮಾ."

"ನಾವು ಓದೋರಲ್ಲೇನು? ನಮ್ಮನ್ನ ಯಾರು ಕೇಳಿದ್ರು?"

ಬಳ್ಳಾರಿ ಬರುವವರೆಗೂ ಆಕೆ ನನ್ನ ಕಡೆ ತಿರುಗಲಿಲ್ಲ.

ನೆಟ್ಟಗೆ ಕಚೇರಿಗೆ ಹೋಗಿ, ಸಂಪಾದಕರ ಎದುರಿಗೇ, ಅವರ ಮಸಿಯಲ್ಲೇ ಹೊನ್ನವ್ವನ ತೋಳುಗಳನ್ನು ಮೊದಲಿಗಿಂತ ದಪ್ಪ ಮಾಡಿದೆ.

"ಏನಮ್ಮಾ ಇದು?" ಎಂದರು ಅವರು.

"ಹಿಂಗ ಅಚ್ಚು ಹಾಕ್ರಿ. ಇಲ್ಲಾಂದ್ರ ಬ್ಯಾರೆ ಯಾರ ಕೈಲಾದ್ರೂ ಬಿಡಿಸ್ಕೊಳ್ರಿ."

ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಆಯ್ತು, ಕೈಗೆ ಬಳಿಯಾದ್ರೂ ಹಾಕಮ್ಮಾ," ಎಂದರು.

ಹಾಕಿದೆ. ಆದರೆ ಆ ಮುಂಗೈಗೆ ಗಾಜಿನ ಬಳೆ ಏರುವಂತಿರಲಿಲ್ಲ. ಕಬ್ಬಿಣದ ಕಡಗವೇ ಆಗಬೇಕಾಯಿತು.