ಕುಂತವರ ಪರವಾಗಿ ಗಂಗವ್ವ

ಗಂಗವ್ವ ಕೋರ್ಟಿನ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ. ಪಡಸಾಲೆಯ ಮೂಲೆಯಲ್ಲಿ ನೆಲದ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯನ್ನು ಎದೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕೂಡುತ್ತಿದ್ದಳು. ನಮ್ಮಲ್ಲಿ ಸತ್ತವರನ್ನು ಮಣ್ಣಿಗಿಡುವಾಗ ಹಾಗೆಯೇ ಕೂಡಿಸುತ್ತೇವೆ, ಅಂಗೈಯಲ್ಲಿ ಲಿಂಗವಿಟ್ಟು. ಕೋರ್ಟಿನ ಸಿಪಾಯಿಗಳು ಅವಳಿಂದ ನಾಲ್ಕು ಮಾರು ದೂರ ಸುತ್ತಿ ಹೋಗುತ್ತಿದ್ದರು. ನನಗೂ ಒಮ್ಮೆ ತಡೆಯಲಾಗದೆ, ಹೀಗೇಕೆ ಕೂಡುತ್ತೀ ಎಂದು ಗದರಿದೆ.

“ರೂಢಿ ಮಾಡ್ಕೊಳ್ಳಾಕತ್ತೇನ್ರಿ ವಕೀಲ್ರ,” ಅಂದಳು.

ಅವಳದು ಶಿರಹಟ್ಟಿ ರಸ್ತೆಗೆ ಹೊಂದಿದ ಎರಡೆಕರೆ ಎರಿ ಹೊಲ. ಗಂಡ ಇಲ್ಲ, ಮಕ್ಕಳಿಲ್ಲ. ಆ ಹೊಲದ ನಡುವೆ ಹೊಸ ರಸ್ತೆ ಎಂದು ಊರ ಪುರಸಭೆ ಆದೇಶ ಹೊರಡಿಸಿತ್ತು. ನಕ್ಷೆಯಲ್ಲಿ ಆ ಜಾಗಕ್ಕೆ ‘ಖುಲ್ಲಾ’, ಅಂದರೆ ಖಾಲಿ, ಎಂದು ಬರೆದಿದ್ದರು. ಅಲ್ಲಿ ಅವಳ ಗಂಡ, ಅತ್ತೆ, ಮಾವ ಸೇರಿ ಏಳು ಮಂದಿ ಮಣ್ಣಾಗಿದ್ದರು. ಆದರೆ ಒಂದು ಕಲ್ಲೂ ಇರಲಿಲ್ಲ. ಕಲ್ಲು ನೆಟ್ಟರೆ ಹೊಲ ಹೋಗಿ ಸುಡುಗಾಡಾಗುತ್ತದೆ ಎಂದು ಮಾವ ಬೇಡವೆಂದಿದ್ದನಂತೆ. ಉಳುವಾಗ ಆ ಏಳು ಕಡೆ ರಂಟೆ ಎತ್ತಿ ದಾಟಿಸುವುದೊಂದೇ ಆ ಮನೆಯ ಗುರುತು. ಪರಿಹಾರ ತಗೊಂಡು ಸುಮ್ಮನಾಗು ಎಂದು ನಾನೇ ಹೇಳಿ ನೋಡಿದೆ.

“ಮಲಗಿದವರನ್ನಾದ್ರೂ ಎಬ್ಬಿಸಬಹುದ್ರಿ. ಕುಂತವರನ್ನ ಹೆಂಗ ಎಬ್ಬಸ್ತಾರ?” ಎಂದಳು. ನಾನು ದಾವೆ ಹಾಕಿದೆ.

ಜಾಗ ನೋಡಲು ಕೋರ್ಟ್ ಕಮಿಷನರ್ ಬಂದಾಗ ಹೊಲ ಎರಡು ವರ್ಷದಿಂದ ಬೀಳು ಬಿದ್ದು, ಎಲ್ಲಾ ಕಡೆ ಒಂದೇ ತೆರನ ಕಸ ಬೆಳೆದಿತ್ತು. ಗಂಗವ್ವನಿಗೆ ಕಣ್ಣು ಮಂಜು. ಎತ್ತು ಹೂಡಿದರೆ ಅವೇ ತೋರಿಸುತ್ತವೆ ಎಂದಳು. ನನಗೆ ತಲೆ ಎತ್ತಲಾರದಷ್ಟು ನಾಚಿಕೆ. ಪುರಸಭೆಯ ವಕೀಲರು ನಕ್ಕು, ಎತ್ತು ನಾವೇ ತರುತ್ತೇವೆ ಎಂದು ಮುಂಡರಗಿ ಕಡೆಯಿಂದ ಒಂದು ಜೋಡಿ ತರಿಸಿದರು.

ಆ ಹೊಲದ ಗಾಳಿಯನ್ನೂ ಕಾಣದ ಎತ್ತುಗಳು ಮಟಮಟ ಮಧ್ಯಾಹ್ನ ಏಳು ಕಡೆ ನಿಂತವು. ಬಾರುಕೋಲು ಬೀಸಿದರೂ ಕದಲಲಿಲ್ಲ. ರಂಟೆ ಎತ್ತಿದ ಮೇಲೆ ತಾವಾಗಿಯೇ ನಡೆದವು. ಪುರಸಭೆಯ ವಕೀಲರ ನಗು ಮೂರನೆಯದಕ್ಕೇ ನಿಂತಿತ್ತು. ಆಮೇಲೆ ಬದುವಿನ ಹತ್ತಿರ, ಅವಳ ಗಂಡನ ಜಾಗದ ಪಕ್ಕಕ್ಕೆ, ಎಂಟನೆಯ ಸಲವೂ ನಿಂತವು. ಕಮಿಷನರ್ ಎಂಟು ಗುರುತು ಹಾಕಿಕೊಂಡರು. ಎಂಟನೆಯದರಲ್ಲಿ ಯಾರು ಎಂದು ಅವಳ ಕಿವಿಯಲ್ಲಿ ಕೇಳಿದೆ.

“ಯಾರೂ ಇಲ್ರಿ. ಅದು ನಂದು.”

ಎಂಟನೆಯದು ಖಾಲಿ ಎಂದು ಕಮಿಷನರಿಗೆ ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಏಳೇ ಎಂದರೆ ಅವನ್ನು ಬಿಟ್ಟು ಬದುವಿನ ಕಡೆ ಸರಿಸಿದ ರಸ್ತೆ ಎಂಟನೆಯ ಜಾಗದ ಮೇಲೆಯೇ ಹಾಯುತ್ತಿತ್ತು, ಆಕೆಗೆ ಗಂಡನ ಮಗ್ಗುಲಲ್ಲಿ ಜಾಗ ಉಳಿಯುತ್ತಿರಲಿಲ್ಲ. ಎಂಟು ಜನ ಕೂತಿದ್ದಾರೆ ಸ್ವಾಮಿ ಎಂದು ಎರಡು ದಿನ ಗಂಟಲು ಹರಿಯುವಂತೆ ವಾದಿಸಿದೆ.

ವಾದ ಮುಗಿದ ಸಂಜೆ ಅವಳು ನನ್ನ ಆಫೀಸಿಗೆ ಬಂದಳು. ಚಹಾ ಬೇಡವೆಂದಳು. ತೀರ್ಪು ಯಾವಾಗ ಎಂದು ಕೇಳಲಿಲ್ಲ. ಕೇಳಿದ್ದು ಬೇರೆಯೇ.

“ಇನ್ನ ನಾ ಸತ್ರ ಕೇಸು ಸಾಯತೈತೇನ್ರಿ?”

ವಾದ ಮುಗಿಯುವ ಮೊದಲಾಗಿದ್ದರೆ ವಾರಸುದಾರರಿಲ್ಲದ ಕೇಸು ಬಿದ್ದುಹೋಗುತ್ತಿತ್ತು, ಮುಗಿದ ಮೇಲೆ ಏನೂ ಆಗುವುದಿಲ್ಲ ಎಂದು ಕಾನೂನು ಇದ್ದದ್ದನ್ನು ಇದ್ದಂತೆ ಹೇಳಿದೆ. ಫೈಲು ಕಟ್ಟುವ ಗಡಿಬಿಡಿಯಲ್ಲಿ ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ.

“ಆತು ಬಿಡ್ರಿ ಹಂಗಾದ್ರ,” ಎಂದು ಸೆರಗು ಹೊದ್ದು ಎದ್ದಳು.

ಮರುದಿನ ಬೆಳಿಗ್ಗೆ ಖಬರ ಬಂತು. ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತಲ್ಲೇ ಹೋಗಿದ್ದಳಂತೆ. ಕೂಡಿಸಲು ಮಂದಿಗೆ ಕಷ್ಟವಾಗಲಿಲ್ಲ. ಬದುವಿನ ಹತ್ತಿರದ ಆ ಜಾಗದಲ್ಲೇ ಇಟ್ಟರು, ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಎರಡು ವಾರಕ್ಕೆ ತೀರ್ಪು ಬಂತು. ಪುರಸಭೆಯ ಆದೇಶ ರದ್ದು, ಎಂಟೂ ಸಮಾಧಿಗಳನ್ನು ಯಾರೂ ಮುಟ್ಟಕೂಡದು. ಪುರಸಭೆಯ ವಕೀಲರು ಬಂದು ಕೈಕುಲುಕಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಎಂಟು ಜನ ಕೂತಿದ್ದಾರೆ ಎಂದು ಆವತ್ತು ನಾನು ಹೇಳಿದ್ದು ಸುಳ್ಳು. ನ್ಯಾಯಾಧೀಶರು ಓದುವ ಹೊತ್ತಿಗೆ ಗಂಗವ್ವ ಅದನ್ನು ಖರೆ ಮಾಡಿಟ್ಟಿದ್ದಳು.